ತಬರ್ನಾಕ್ ಅನ್ನುವ ಬೀರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆರು ವಾರ ಅಮೆರಿಕದಲ್ಲಿದ್ದು ನಾನು ಮಾಡಿದ ಘನಕಾರ್ಯ ಒಂದೇ. ಕೆನಡಾದ ಕ್ವಿಬೆಕ್ ಎಂಬ ಸೀಮೆಯ ಯಾವುದೋ ವೃದ್ಧಾಶ್ರಮದಲ್ಲಿ ಮಲಗಿದ್ದ ತೊಂಬತ್ತನಾಲ್ಕು ವರ್ಷದ ಅಜ್ಜಿಯೊಬ್ಬರಿಗೆ, ಫೋನಿನಲ್ಲಿ, ಅವರ ಮಗನ ದನಿಯಲ್ಲಿ, ಒಂದು ಬೈಗುಳ ಹೇಳಿದೆ. ಒಂದೇ ಒಂದು. ಆ ಅಜ್ಜಿಯ ಮುಖ ನಾನು ನೋಡಿಲ್ಲ, ಅವರ ಫ್ರೆಂಚ್ ನನಗೆ ಬರುವುದಿಲ್ಲ. ಆದರೆ ಆ ಪದದ ಅರ್ಥ ಗೊತ್ತಿತ್ತು. ಅದನ್ನು ಯಾರ ಮುಂದೆ ಆಡಬಾರದು ಅನ್ನುವುದೂ ಗೊತ್ತಿತ್ತು. ಗೊತ್ತಿದ್ದೂ ಆಡಿದೆ. ಅದನ್ನು ಕೇಳಿ ಆ ತಾಯಿ ತನ್ನ ಮಗ ಸತ್ತಿದ್ದಾನೆ ಅಂತ ತೀರ್ಮಾನ ಮಾಡಿ ಊಟ ಬಿಟ್ಟರು.

ಗೋಲ್ಡನ್ ಗೇಟ್ ಸೇತುವೆಯ ವರ್ಣನೆಗೆ ಕಾದು ಕೂತವರು ಮನ್ನಿಸಬೇಕು. ನಾನು ಹೋದ ದಿನ ಮಂಜು ಕವಿದು ಸೇತುವೆಯೇ ಕಾಣಲಿಲ್ಲ. ಫೋಟೋದಲ್ಲಿ ಬಿಳಿ ಗೋಡೆಯ ಮುಂದೆ ನಿಲ್ಲಿಸಿ ತೆಗೆದ ಆಧಾರ್ ಕಾರ್ಡಿನವನ ಹಾಗೆ ಇದ್ದೇನೆ.

ಯೂನಿಯನ್ ಸಿಟಿ, ಬೇಲಿಯ ಈಚೆ

ನಾನು ಮದ್ದೂರಿನ ಕಡೆಯವನು. ಹೆಸರು ಚಂದ್ರು. ಆರತಕ್ಷತೆ, ಗಣೇಶೋತ್ಸವ, ಕಾಲೇಜು ಡೇಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಬಸ್ ಕಂಡಕ್ಟರು, ತಹಸೀಲ್ದಾರು, ಅಡುಗೆ ಭಟ್ಟರು, ಸಾಲ ಕೇಳಲು ಬಂದಾಗಿನ ನಮ್ಮ ಚಿಕ್ಕಪ್ಪ, ಹುಡುಗಿಯ ಮುಂದೆ ಬಿಕ್ಕಲು ಮಾತಾಡುವ ನಾನು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಬೇ ಏರಿಯಾದ ಕನ್ನಡದವರು ಯುಗಾದಿ ಕಾರ್ಯಕ್ರಮಕ್ಕೆ ಕರೆದರು. ಅಕ್ಕ ರೋಹಿಣಿ ಯೂನಿಯನ್ ಸಿಟಿಯಲ್ಲೇ ಇರುವುದರಿಂದ ಊಟ ವಸತಿಯ ಚಿಂತೆ ಇರಲಿಲ್ಲ. ಭಾವ ಧಾರವಾಡದವರು. ಹದಿನೈದು ವರ್ಷದಿಂದ ಅಲ್ಲಿದ್ದರೂ ಅವರ ಇಂಗ್ಲಿಷ್ ಕೂಡ ಧಾರವಾಡದ್ದೇ.

ಹೋದ ಮೊದಲ ಮೂರು ದಿನ ನಾನು ಅಕ್ಷರಶಃ ಉಪವಾಸ ಬಿದ್ದೆ. ಊಟದ ಉಪವಾಸವಲ್ಲ, ಅಕ್ಕ ಅಷ್ಟು ಕೆಟ್ಟವಳಲ್ಲ. ದನಿಯ ಉಪವಾಸ. ಆ ಬೀದಿಯಲ್ಲಿ ಯಾರೂ ಕೂಗುವುದಿಲ್ಲ. ಸೊಪ್ಪಿನವಳಿಲ್ಲ, ಜಗಳವಿಲ್ಲ, ಮಹಡಿ ಮೇಲಿಂದ ಕೆಳಗಿನವರನ್ನು ಕರೆಯುವವರಿಲ್ಲ. ಎದುರಿಗೆ ಸಿಕ್ಕವರು ನಕ್ಕು ‘ಹಾಯ್’ ಅನ್ನುತ್ತಾರೆ, ಎಲ್ಲರದ್ದೂ ಒಂದೇ ಅಚ್ಚಿನ ಹಾಯ್. ನಾಯಿಗಳೂ ಅನುಮತಿ ಪಡೆದು ಬೊಗಳುವಂತಿದ್ದವು. ಮಿಮಿಕ್ರಿಯವನು ಇಂಥ ಊರಿನಲ್ಲಿ ಕದಿಯುವುದಾದರೂ ಏನನ್ನು?

ನಾಲ್ಕನೇ ದಿನ ಬೆಳಿಗ್ಗೆ ಹಿತ್ತಲಲ್ಲಿ ಕಾಫಿ ಹಿಡಿದು ನಿಂತಿದ್ದೆ. ಮರದ ಬೇಲಿಯ ಆಚೆ ಏನೋ ಧೊಪ್ಪನೆ ಬಿತ್ತು. ಹಿಂದೆಯೇ ಒಂದು ಮಾತು.

"ತಬರ್ನಾಕ್."

ಆಹಾ ಅನ್ನಿಸಿತು. ಮೊದಲ ಅಕ್ಷರ ಹಲ್ಲಿಗೆ ಬಡಿದು, ನಡುವಿನದು ಗಂಟಲಲ್ಲಿ ಕೆರೆದು, ಕೊನೆಯದು ಬಾಗಿಲು ಹಾಕಿದ ಹಾಗೆ ಟಕ್ ಅಂತ ಮುಗಿಯಿತು. ಅರ್ಥ ಗೊತ್ತಿಲ್ಲದಿದ್ದರೂ ಇದು ಬೈಗುಳವೇ ಅಂತ ಯಾವ ಭಾಷೆಯವನಿಗೂ ಗೊತ್ತಾಗುತ್ತದೆ. ಕಾಫಿ ಲೋಟ ಕೆಳಗಿಟ್ಟು, ಅದೇ ದನಿಯಲ್ಲಿ, ಈಚೆಯಿಂದ ನಾನೂ ಅಂದೆ. "ತಬರ್ನಾಕ್."

ಆಮೇಲೆ ಬೇಲಿಯ ಮೇಲೆ ಒಂದು ತಲೆ ಎದ್ದಿತು. ಬಿಳಿ ಹುಬ್ಬು, ಕಿವಿಯಲ್ಲಿ ಸಿಕ್ಕಿಸಿದ ಪೆನ್ಸಿಲ್ಲು.

"ಇನ್ನೊಂದ್ಸಲ ಹೇಳು," ಅಂದರು ಒಡಕು ದನಿಯ ಇಂಗ್ಲಿಷಿನಲ್ಲಿ.

ಹೇಳಿದೆ.

"ಮೂಗಿಂದ ಹೇಳ್ತಿದೀಯ. ಹೊಟ್ಟೆಯಿಂದ ಬರಬೇಕು. ಬೆರಳು ಜಜ್ಜಿಹೋಗಿದೆ ಅಂದ್ಕೊ."

ಒಳಗಿಂದ ಅಕ್ಕನ ಏಳು ವರ್ಷದ ಮಗಳು ಅನ್ವಿ ಇಣುಕಿ, "ಮಾಮಾ, ದಟ್ ಡಸಂಟ್ ಸೌಂಡ್ ನೈಸ್," ಅಂದಳು. ನನ್ನ ವೃತ್ತಿಜೀವನದ ಬಗ್ಗೆ ಬಂದ ಅತ್ಯಂತ ಪ್ರಾಮಾಣಿಕ ವಿಮರ್ಶೆ ಅದು. ಕಿವಿಗೆ ಹಾಕಿಕೊಳ್ಳಲಿಲ್ಲ.

ಗರಾಜು

ಅವರ ಹೆಸರು ಜೀಲ್. ಕ್ವಿಬೆಕ್‌ನಿಂದ ಬಂದ ಫ್ರೆಂಚ್ ಮಾತಿನವರು. ಎಪ್ಪತ್ತೊಂದು ವರ್ಷ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು ಸಿಲ್ವಿ, ನಲವತ್ತು ದಾಟಿದವರು, ಕೊಲ್ಲಿಯ ಆಚೆ ಸ್ಯಾನ್ ಮಟಿಯೋದಲ್ಲಿ ಆಫೀಸು, ಅಲ್ಲೇ ಅಪಾರ್ಟ್‌ಮೆಂಟು. ಅಂಕಲ್ ಬಡಗಿ. ಸ್ಯಾನ್ ಫ್ರಾನ್ಸಿಸ್ಕೋದ ಹಳೇ ಮನೆಗಳಿಗೆ ಮರದ ಮೆಟ್ಟಿಲು ಕಟ್ಟಿಕೊಂಡೇ ಬದುಕಿದವರು. ಅವರ ಗರಾಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಗರಗಸ, ಉಳಿ, ಕೀಸುಳಿ, ಮರದ ಹೊಟ್ಟಿನ ವಾಸನೆ. ಆ ಊರಿನಲ್ಲಿ ನನಗೆ ಮನುಷ್ಯರ ವಾಸನೆ ಬಂದ ಮೊದಲ ಜಾಗ ಅದು. ದಿನಾ ಹೋಗತೊಡಗಿದೆ. ಅವರು ನನ್ನನ್ನು ‘ಶಾಂಡ್ರೂ’ ಅನ್ನುತ್ತಿದ್ದರು.

"ಅಂಕಲ್, ಆ ಪದಕ್ಕೆ ಅರ್ಥ ಏನು?" ಅಂತ ಎರಡನೇ ದಿನವೇ ಕೇಳಿದೆ.

"ಬೀರು."

"ಬೀರು?"

"ಚರ್ಚಿನಲ್ಲಿ ಪೂಜೆಪೀಠದ ಮೇಲೆ ಒಂದು ಪುಟ್ಟ ಬೀರು ಇರತ್ತೆ. ಬೀಗ ಹಾಕಿರ್ತಾರೆ. ಪಾದ್ರಿ ಮಂತ್ರಿಸಿದ ರೊಟ್ಟಿಯ ಬಿಲ್ಲೆಗಳನ್ನ ಅದರೊಳಗೆ ಇಡೋದು. ಆ ಬಿಲ್ಲೆ ಅಂದ್ರೆ ನಮ್ಮವರಿಗೆ ಸಾಕ್ಷಾತ್ ದೇವರು. ಆ ಬೀರುವಿನ ಹೆಸರು ಅದು. ಹದಿನಾರನೇ ವಯಸ್ಸಲ್ಲಿ ನಮ್ಮಪ್ಪನ ಜೊತೆ ಸೇರಿ ಒಂದು ಮಾಡಿದೀನಿ ಕೂಡ. ಅಕ್ರೋಟ್ ಮರದ್ದು."

"ನಮ್ಮೂರಲ್ಲಿ ಯಾರಿಗಾದ್ರೂ ‘ಲೋ ಬೀರು’ ಅಂದ್ರೆ, ಒಳಗೆ ಏನಿಟ್ಟಿದೀಯ ಅಂತ ಕೇಳ್ತಾನೆ ಅಷ್ಟೇ. ಇದು ಬೈಗುಳ ಹೇಗಾಯ್ತು?"

ಅವರು ಹಲಗೆಯ ಮೇಲೆ ಕೂತು ವಿವರಿಸಿದರು. ಅವರ ಅಜ್ಜಿ ತಾತಂದಿರ ಕಾಲದಲ್ಲಿ ಎಲ್ಲದಕ್ಕೂ ಪಾದ್ರಿಯೇ. ಯಾವ ಪುಸ್ತಕ ಓದಬಾರದು, ಇನ್ನೊಂದು ಮಗು ಯಾಕಾಗಲಿಲ್ಲ, ಎಲ್ಲ ಅವರೇ ಕೇಳುವುದು. ಸಿಟ್ಟು ತೀರಿಸಿಕೊಳ್ಳುವುದಕ್ಕೆ ಜನರಿಗೆ ಇದ್ದದ್ದು ಬಾಯಿಯೊಂದೇ. ಬೀರು, ಬಟ್ಟಲು, ಬಿಲ್ಲೆ, ಅಲ್ಲಿ ಮುಟ್ಟಬಾರದ್ದು ಏನೇನಿತ್ತೋ ಅದೆಲ್ಲ ಬೈಗುಳವಾಯಿತು. ಫ್ರಾನ್ಸಿನ ಫ್ರೆಂಚರಿಗೆ ಇದು ಗೊತ್ತೇ ಇಲ್ಲವಂತೆ. "ಪ್ಯಾರಿಸ್‌ನವನ ಮುಂದೆ ತಬರ್ನಾಕ್ ಅಂದ್ರೆ ಚರ್ಚಿಗೆ ದಾರಿ ಕೇಳ್ತಿದೀಯ ಅಂದ್ಕೋತಾನೆ," ಅಂದರು. ಸುತ್ತಿಗೆ ಬೆರಳಿಗೆ ಬಿದ್ದರೆ ಈ ಪದ. ಮೆಟ್ಟಿಲಿನ ಜೋಡಣೆ ಕೂದಲೆಳೆ ಬಿಡದಂತೆ ಕೂತರೆ ಮೆಚ್ಚಿಗೆಗೂ ಇದೇ ಪದ. ಸಿಟ್ಟು ನೆತ್ತಿಗೇರಿದವನನ್ನು ‘ಅವನು ತಬರ್ನಾಕ್‌ನೊಳಗಿದ್ದಾನೆ’ ಅನ್ನುತ್ತಾರಂತೆ. ಬೀರುವಿನೊಳಗೆ ಕೂತು ಬುಸುಗುಡುವ ಒಬ್ಬ ಮನುಷ್ಯ ನನ್ನ ಕಣ್ಣ ಮುಂದೆ ಬಂದ.

ಆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು ಗರಾಜಿನಲ್ಲಿದ್ದಾಗಲೇ ಅವರು ತಮ್ಮ ತಾಯಿಗೆ ಫೋನ್ ಮಾಡಿದರು. ಯಾವ ಭಾನುವಾರವೂ ತಪ್ಪುವುದಿಲ್ಲವಂತೆ. ಆ ಕಡೆಯಿಂದ ಸಣ್ಣ ದನಿಯೊಂದು ಉದ್ದಕ್ಕೆ ಏನೋ ಹೇಳುತ್ತಿತ್ತು, ಇವರು ‘ವೀ, ಮಾಮಾಂ’ ಅನ್ನುತ್ತಿದ್ದರು. ಅಂದರೆ ಹೂಂ ಅಮ್ಮ. ಅವರ ಹೂಂಗುಟ್ಟುವಿಕೆಯಲ್ಲೂ ಒಂದು ಕೆಮ್ಮು, ಒಂದು ಎಳೆತ. ಎರಡನ್ನೂ ನಾನು ಜೇಬಿಗೆ ಹಾಕಿಕೊಂಡೆ. ಮಾತಿನ ನಡುವೆ ಅವರು ತೊಡೆ ತಟ್ಟಿ, "ತಬರ್ನೂಶ್," ಅಂದರು.

ಫೋನ್ ಇಟ್ಟ ಮೇಲೆ ಕೇಳಿದೆ, ಇದೇನು ಹೊಸದು ಅಂತ.

"ಅದು ಅಮ್ಮನ ಮುಂದೆ ಹೇಳೋದು. ‘ತಬರ್’ ಅಂತ ಶುರುವಾಗತ್ತೆ, ಅಷ್ಟರಲ್ಲಿ ಅಮ್ಮನ ಮುಖ ಕಾಣತ್ತೆ, ‘ನೂಶ್’ ಅಂತ ಮುಗಿಸ್ತೀವಿ. ಮಕ್ಕಳ ಮುಂದೂ ಅದೇ. ಅಮ್ಮನ ಮುಂದೆ ನಾನು ಪೂರ್ತಿ ಪದ ಒಂದು ದಿನಾನೂ ಆಡಿಲ್ಲ."

ಇದು ನನಗೆ ಹೊಸದೇನಲ್ಲ. ಟೀ ಅಂಗಡಿಯಲ್ಲಿ ಪರರ ಹೆತ್ತವಳನ್ನೇ ಎಳೆದು ತರುವ ನನ್ನ ನಾಲಗೆ ಮನೆಯ ಹೊಸ್ತಿಲು ದಾಟಿದೊಡನೆ ‘ಇವನಜ್ಜಿ’ ಅಂತ ಬದಲಾಗುತ್ತದೆ. ಅಮ್ಮನನ್ನು ಬೈಯಲು ಧೈರ್ಯ ಸಾಲದೆ ಅಜ್ಜಿಯನ್ನು ಬೈದು ಸಂಭಾವಿತರಾಗುವ ಏರ್ಪಾಡು ನಮ್ಮದು. ಅದನ್ನು ಅವರಿಗೆ ಹೇಳಿದೆ.

"ಪಾಪ, ಅಜ್ಜಿ ಏನ್ ಮಾಡಿದ್ಳು?" ಅಂದರು.

"ಅವಳು ಸತ್ತಿರ್ತಾಳೆ ಅಂಕಲ್. ಜಗಳಕ್ಕೆ ಬರಲ್ಲ."

ಅವರು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಕರವಸ್ತ್ರ ತೆಗೆದಾಗ ಅದರಲ್ಲಿ ರಕ್ತ ಇತ್ತು. ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ಹಲಗೆಯ ಅಳತೆ ಹೇಳುವಷ್ಟೇ ಸಲೀಸಾಗಿ ಹೇಳಿದರು. ಗಂಟಲಿನ ಕ್ಯಾನ್ಸರು. ಬರುವ ಶುಕ್ರವಾರ ಧ್ವನಿಪೆಟ್ಟಿಗೆ ತೆಗೆಯುತ್ತಾರೆ. ಕತ್ತಿನಲ್ಲೊಂದು ತೂತು ಇರುತ್ತದೆ, ಉಸಿರು ಅದರಲ್ಲೇ.

"ಅಮ್ಮನಿಗೆ ಗೊತ್ತಾ?" ಅಂದೆ.

"ಇಲ್ಲ. ಮೂರು ಜನ ಗಂಡುಮಕ್ಕಳು ನಾವು. ಇಬ್ಬರನ್ನ ಅವಳೇ ಮಣ್ಣು ಮಾಡಿದಾಳೆ. ಉಳಿದಿರೋನು ನಾನು."

ಶುಕ್ರವಾರ, ಶನಿವಾರ

ಶುಕ್ರವಾರ ಬೆಳಿಗ್ಗೆ ಸಿಲ್ವಿ ಬಂದು ಕರೆದುಕೊಂಡು ಹೋದರು. ಅಕ್ಕ ಬೇಲಿಯ ಬಳಿ ನಿಂತು ಕೈ ಬೀಸಿದಳು. ಸಂಜೆ ಸಿಲ್ವಿಯಿಂದ ಮೆಸೇಜು ಬಂತು: ಆಪರೇಷನ್ ಮುಗಿಯಿತು, ಬದುಕಿದ್ದಾರೆ.

ಶನಿವಾರ ನನ್ನ ಶೋ. ಒಂದು ಶಾಲೆಯ ಸಭಾಂಗಣ. ಬಾಗಿಲಲ್ಲಿ ಬೇವು ಬೆಲ್ಲ, ಹಿಂದಿನ ಕೋಣೆಯಲ್ಲಿ ಪುಳಿಯೋಗರೆ. ಮಂಡ್ಯ, ಹಾಸನ, ಹುಬ್ಬಳ್ಳಿ, ಬೆಂಗಳೂರಿನ ಸುತ್ತಮುತ್ತಲಿನವರು. ಮೀಟಿಂಗು, ಟ್ರಾಫಿಕ್ಕು, ಡೇಕೇರು ಅಂತ ಶುರುವಾದ ಮಾತು ಕಂಡಕ್ಟರನ ದನಿ ಕೇಳಿದ ಕೂಡಲೇ ನಿಂತಿತು. ತಹಸೀಲ್ದಾರ್ ಬಂದು ಹೋದರು. ಆದರೂ ಚಪ್ಪಾಳೆ ನಾನಂದುಕೊಂಡಷ್ಟು ಏರಲಿಲ್ಲ. ಆಗ ನನ್ನ ಬುದ್ಧಿ, ಅಂದರೆ ಅದು ಇರಬೇಕಾದ ಜಾಗದಲ್ಲಿರುವ ಖಾಲಿ ಡಬ್ಬ, ಒಂದು ಉಪಾಯ ಹೇಳಿತು. ಪಕ್ಕದ ಮನೆ ಅಂಕಲ್ ಅಂತ ಹೊಸ ಐಟಂ ತೆಗೆದೆ. ಹಲಗೆ ಅಳೆಯುವುದು, ಪೆನ್ಸಿಲ್ಲು ಕಿವಿಯಲ್ಲಿಟ್ಟುಕೊಂಡು ಊರೆಲ್ಲ ಹುಡುಕುವುದು, ಕೆಮ್ಮುವುದು, ಸುತ್ತಿಗೆ ಬೆರಳಿಗೆ ಬೀಳುವುದು, ಮತ್ತು ಹೊಟ್ಟೆಯಿಂದ, ಅವರೇ ಕಲಿಸಿದ ಹಾಗೆ, ತಬರ್ನಾಕ್.

ಸಭೆ ಎದ್ದು ನಕ್ಕಿತು. ಒನ್ಸ್ ಮೋರ್ ಅಂದರು. ಐದು ಸಲ ಹೇಳಿಸಿದರು. ಮಕ್ಕಳು ಕಾರಿಡಾರಿನಲ್ಲಿ ಅದನ್ನೇ ಕೂಗುತ್ತಾ ಓಡಿದವು. ಮೂರನೇ ಸಾಲಿನಲ್ಲಿ ಅಕ್ಕ ಮಾತ್ರ ಕೈ ಕಟ್ಟಿಕೊಂಡು ಕೂತಿದ್ದಳು.

ಕಾರು ಫ್ರೀವೇ ಹತ್ತಿತು. ಅಕ್ಕ ಅಂದಳು, "ನಿನ್ನೆ ಆ ಮನುಷ್ಯನ ಗಂಟಲು ಕೊಯ್ದಿದಾರೆ ಕಣೋ. ಇವತ್ತು ನೀನು ಅದನ್ನ ಸ್ಟೇಜಿಗೆ ತಂದು ಕುಣಿಸ್ದೆ."

"ಅವರಿಗೆ ಗೊತ್ತಾಗಲ್ಲ ಬಿಡಕ್ಕ."

"ಅದಕ್ಕೇ ಹೇಳ್ತಿರೋದು."

ಭಾವ ಸ್ಟಿಯರಿಂಗ್ ಹಿಡಿದೇ, "ಏನಪಾ ಚಂದ್ರು, ದೇವರು ನಿನಗ ಬಾಯಿ ಇಟ್ಟಾನ, ಅದಕ್ಕ ಬಾಗಲಾ ಇಡೂದು ಮರತಾನ," ಅಂದರು. ನಾನು ಅದನ್ನೂ ಅವರ ದನಿಯಲ್ಲೇ ತಿರುಗಿ ಹೇಳಿದೆ. ಯಾರೂ ನಗಲಿಲ್ಲ.

ಮೊದಲನೇ ಭಾನುವಾರ

ಮರುದಿನ ಒಂಬತ್ತೂವರೆಗೆ ಸಿಲ್ವಿ ನಮ್ಮ ಬಾಗಿಲಲ್ಲಿ ನಿಂತಿದ್ದರು. ಆಸ್ಪತ್ರೆಯಿಂದ ನೇರ ಬಂದಿದ್ದರು, ಕಣ್ಣು ಊದಿಕೊಂಡಿತ್ತು. ಹತ್ತು ಗಂಟೆಗೆ ಅಜ್ಜಿ ಫೋನಿಗೆ ಕಾಯುತ್ತಾರೆ. ಕಣ್ಣು ಮಂಜಾಗಿದೆ, ವಿಡಿಯೋ ಅಂದರೆ ಅವರಿಗೆ ಬರೀ ಬೆಳಕು. ಹೃದಯ ದುರ್ಬಲ. ದನಿಯೊಂದೇ ಅವರಿಗೆ ಮಗ.

"ಅಪ್ಪ ನಿನ್ನ ಬಗ್ಗೆ ಹೇಳಿದ್ರು. ಕಣ್ಣು ಮುಚ್ಚಿ ಕೇಳಿದ್ರೆ ಕನ್ನಡಿ ಮಾತಾಡಿದ ಹಾಗಿರತ್ತೆ ಅಂತ. ಎರಡೇ ಮಾತು ಸಾಕು. ‘ವೀ, ಮಾಮಾಂ’ ಅನ್ನು, ಕೆಮ್ಮು. ಶೀತ ಆಗಿದೆ ಅಂತ ನಾನು ಹೇಳ್ತೀನಿ."

ಅಕ್ಕ ಅಡುಗೆಮನೆಯಿಂದ ಕನ್ನಡದಲ್ಲಿ, "ಬೇಡ ಚಂದ್ರು," ಅಂದಳು.

ನಾನು ಆಗಲೇ ಚಪ್ಪಲಿ ಮೆಟ್ಟಿದ್ದೆ. ಕರುಣೆಯಿಂದ ಹೋದೆ ಅಂತ ಬರೆದುಕೊಂಡರೆ ಓದಲು ಚೆನ್ನಾಗಿರುತ್ತದೆ. ಆದರೆ ನಿಜ ಹೇಳಬೇಕೆಂದರೆ, ಹೆತ್ತ ತಾಯಿಯೇ ಗುರುತು ಹಿಡಿಯದ ಹಾಗೆ ಮಗನ ದನಿ ಮಾಡಬಲ್ಲೆನಾ ಅನ್ನುವ ಪರೀಕ್ಷೆಗೆ ಹೋದೆ. ಯಾವ ಮಿಮಿಕ್ರಿಯವನಿಗೂ ಇದಕ್ಕಿಂತ ದೊಡ್ಡ ಸ್ಟೇಜಿಲ್ಲ.

ಜೀಲ್ ಅಂಕಲ್ ಅವರ ಮನೆಯ ಅಡುಗೆಮನೆಯಲ್ಲಿ ಸಿಲ್ವಿ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದರು. ನಾಲ್ಕು ಸಲ ‘ವೀ, ಮಾಮಾಂ’ ಅಂದೆ. ಎರಡು ಸಲ ಕೆಮ್ಮಿದೆ. ಅಜ್ಜಿ ಏನೋ ಹೇಳಿ ನಕ್ಕು ಫೋನಿಟ್ಟರು. ಬಿಸಿನೀರಿಗೆ ಜೇನು ಹಾಕಿ ಕುಡಿ, ಕುತ್ತಿಗೆಗೆ ಬಟ್ಟೆ ಸುತ್ತಿಕೋ ಅಂದರಂತೆ. ಸಿಲ್ವಿ ಮೇಜಿಗೆ ಹಣೆ ಹಚ್ಚಿ ಅಳುತ್ತ ಕೂತರು. ನಾನು ಮನೆಗೆ ಬಂದು ಅಕ್ಕನನ್ನು ಕಾಫಿ ಕೇಳಿದೆ.

"ಕಣ್ಣು ಕಾಣದ ಮುದುಕೀನ ಯಾಮಾರಿಸಿ ಬಂದು ಕಾಫಿ ಬೇರೆ ಕೇಳ್ತೀಯಾ," ಅಂದಳು. ಆದರೂ ಕೊಟ್ಟಳು. ಸಕ್ಕರೆ ಹಾಕಿರಲಿಲ್ಲ.

ಎರಡನೇ ಭಾನುವಾರ

ಶನಿವಾರ ಜೀಲ್ ಅಂಕಲ್ ಆಸ್ಪತ್ರೆಯಿಂದ ಮನೆಗೆ ಬಂದರು. ಭಾನುವಾರ ಬೆಳಿಗ್ಗೆ ನಾನು ಹೋದಾಗ ಕಿಟಕಿಯ ಪಕ್ಕ ಕೂತಿದ್ದರು. ಹತ್ತು ದಿನದಲ್ಲಿ ಹತ್ತು ವರ್ಷ ಮುದುಕರಾಗಿದ್ದರು. ಮೂಗಿಗೆ ನಳಿಗೆ, ಕತ್ತಿನ ಮುಂದೆ ಒಂದು ತುಂಡು ಬಟ್ಟೆ. ಉಸಿರಾಡಿದಾಗಲೆಲ್ಲ ಆ ಬಟ್ಟೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ತೊಡೆಯ ಮೇಲೆ ಮಕ್ಕಳು ಬರೆದು ಅಳಿಸುವಂಥ ಸ್ಲೇಟು.

ಹೋದ ವಾರ ನಾವಿಬ್ಬರೂ ಮಾಡಿದ್ದನ್ನು ಸಿಲ್ವಿ ಅವರಿಗೆ ಹೇಳಿದರು. ಅವರು ನನ್ನ ಮುಖವನ್ನೇ ನೋಡಿದರು. ಸಿಟ್ಟಿರಲಿಲ್ಲ. ಯಾರೋ ನಮ್ಮ ಅಂಗಿ ತೊಟ್ಟು ಬೀದಿಯಲ್ಲಿ ಹೋಗುತ್ತಿದ್ದರೆ ನೋಡುತ್ತೇವಲ್ಲ, ಹಾಗೆ. ಆಮೇಲೆ ಸ್ಲೇಟಿನ ಮೇಲೆ ದೊಡ್ಡದಾಗಿ ‘ನೋ’ ಅಂತ ಬರೆದು ನಮ್ಮಿಬ್ಬರಿಗೂ ಕಾಣುವಂತೆ ಎತ್ತಿ ಹಿಡಿದರು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಆ ಕಡೆಯಿಂದ ಅಜ್ಜಿಯೇ ಮಾಡಿದ್ದರು. ಸಿಲ್ವಿ ಸ್ಪೀಕರ್ ಒತ್ತಿ, ಅಪ್ಪನ ಕಡೆ ನೋಡದೆ ನನ್ನ ಕಡೆ ನೋಡಿದರು.

ಸ್ಲೇಟು ಇನ್ನೂ ಮೇಲೆಯೇ ಇತ್ತು. ನಾನು ಅದನ್ನು ಓದಿದೆ. ಓದಿ, ಅವರದೇ ದನಿಯಲ್ಲಿ, "ವೀ, ಮಾಮಾಂ," ಅಂದೆ.

ಅಜ್ಜಿ ಈ ಸಲ ನಿಧಾನವಾಗಿ, ಏನೋ ವಿಶೇಷ ಹೇಳುವವರ ಹಾಗೆ ಮಾತಾಡಿದರು. ಕೊನೆಯಲ್ಲಿ ದನಿ ಮೇಲೆ ಹೋಯಿತು. ಪ್ರಶ್ನೆ. ಹೂಂ ಅಂದರೆ ಸಾಲದ ಪ್ರಶ್ನೆ ಅಂತ ಭಾಷೆ ಬರದ ನನಗೂ ಗೊತ್ತಾಯಿತು. ಸಿಲ್ವಿ ತುಟಿಯಲ್ಲೇ ಏನೋ ಹೇಳಿಕೊಡಲು ನೋಡಿದರು, ನನಗೆ ಅರ್ಥವಾಗಲಿಲ್ಲ. ಒಂದು ಕ್ಷಣ, ಎರಡು ಕ್ಷಣ. ಸ್ಟೇಜಿನಲ್ಲಿ ಇಂಥ ಮೌನ ಬಿದ್ದರೆ ನನ್ನ ಕೈ ತಾನಾಗಿಯೇ ಗ್ಯಾರಂಟಿ ಐಟಂ ಹುಡುಕುತ್ತದೆ. ‘ನೂಶ್’ ಅನ್ನುವುದೂ ಅಲ್ಲೇ ಇತ್ತು. ಅದಕ್ಕೆ ಚಪ್ಪಾಳೆ ಬಿದ್ದಿರಲಿಲ್ಲ. ಐದು ಸಲ ಒನ್ಸ್ ಮೋರ್ ಬಿದ್ದದ್ದೇ ಬಾಯಿಗೆ ಬಂತು.

"ತಬರ್ನಾಕ್," ಅಂದೆ. ಹೊಟ್ಟೆಯಿಂದ.

ಅಜ್ಜಿ ಏನು ಹೇಳಿದ್ದರು ಅನ್ನುವುದು ನನಗೆ ಆಮೇಲೆ ತಿಳಿಯಿತು. ಇನ್ನು ಚರ್ಚಿನವರೆಗೆ ಹೋಗಲು ಕಾಲಿನಲ್ಲಿ ಶಕ್ತಿಯಿಲ್ಲ ಮಗ, ಇವತ್ತು ಪಾದ್ರಿಯೇ ನನ್ನ ಹಾಸಿಗೆಗೆ ಬಿಲ್ಲೆ ತಂದು ಬಾಯಿಗಿಟ್ಟರು, ನಿನಗಾಗಿಯೂ ಬೇಡಿಕೊಂಡೆ, ಒಳ್ಳೇದಾಯ್ತಲ್ವಾ ಅಂತ ಕೇಳಿದ್ದರು. ಆ ಬಿಲ್ಲೆ ಯಾವ ಬೀರುವಿನಿಂದ ಬಂದಿತ್ತೋ ಆ ಬೀರುವನ್ನು ನಾನು ಅವರ ಮುಖಕ್ಕೆ ಎಸೆದಿದ್ದೆ.

ಆ ಪದ ಕೇಳಿದ್ದೇ ಅಜ್ಜಿ ಬೇರೆಯದೇ ದನಿಯಲ್ಲಿ ಮಾತಾಡಿದರು. ಇದೂ ನನಗೆ ಆಮೇಲೆ ತಿಳಿದದ್ದೇ: ನನ್ನ ಮಗ ಎಲ್ಲಿ? ಸಿಲ್ವಿ ಜ್ವರ ಅಂದರು, ಔಷಧಿಯ ಮಂಪರು ಅಂದರು. ಅಜ್ಜಿ ತಡೆದರು. ಅವರಪ್ಪ ಸಾರುವೆಯಿಂದ ಬಿದ್ದು ಸತ್ತಾಗ ಜೀಲ್ ನನ್ನ ಪಕ್ಕದಲ್ಲೇ ನಿಂತಿದ್ದ. ಆವತ್ತೂ ನನ್ನ ಮುಂದೆ ಆ ಮಾತು ಆಡಲಿಲ್ಲ. ಇವನು ಯಾರು? ಜೀಲ್ ಸತ್ತಿದ್ದಾನಾ?

ಇಲ್ಲ ಅನ್ನುವಷ್ಟರಲ್ಲಿ ಸಿಲ್ವಿಗೆ ಅಳು ಬಂತು. ಅಳುತ್ತ ಹೇಳಿದ ಇಲ್ಲವನ್ನು ಯಾವ ತಾಯಿ ನಂಬುತ್ತಾಳೆ. ಫೋನು ಕಟ್ಟಾಯಿತು.

ಜೀಲ್ ಅಂಕಲ್ ಎದ್ದು ನಿಂತಿದ್ದರು. ಸ್ಲೇಟು ನೆಲದ ಮೇಲಿತ್ತು. ನನ್ನ ಕಡೆ ತಿರುಗಿ ಬಾಯಿ ತೆರೆದರು. ನಾಲಗೆ ಹಲ್ಲಿಗೆ ಹೋಯಿತು, ತುಟಿ ಕೂಡಿ ಬಿಟ್ಟಿತು, ದವಡೆ ಬಿಗಿಯಿತು. ಆ ಪದ ಅವರ ಮುಖದ ಮೇಲೆ ಮೊದಲಿಂದ ಕೊನೆಯವರೆಗೆ ಬಂದು ಹೋಯಿತು. ಸದ್ದು ಬರಲಿಲ್ಲ. ಕತ್ತಿನ ಬಟ್ಟೆ ಮಾತ್ರ ಒಂದು ಸಲ ಪಟ್ಟೆಂದು ಮೇಲೆದ್ದು ಬಿತ್ತು.

ಲಾಸ್ ಗ್ಯಾಟೋಸ್, ನಡುವೆ ಒಂದು ದಿನ

ಬುಧವಾರ ಭಾವ ರಜೆ ಹಾಕಿ ನನ್ನನ್ನು ಲಾಸ್ ಗ್ಯಾಟೋಸ್‌ಗೆ ಕರೆದುಕೊಂಡು ಹೋದರು. ಮನೆಯಲ್ಲಿ ನಾನು ಕೂತ ಭಂಗಿ ನೋಡಲಾರದೆ ಇರಬೇಕು. ಬೆಟ್ಟದ ಬುಡದ ಚಂದದ ಊರು. ಅಂಗಡಿಗಳ ಮುಂದೆ ಹೂವು, ನಾಯಿಗಳಿಗೆ ನೀರಿನ ಬಟ್ಟಲು. ನಮ್ಮೂರಿನ ಕೆಲವು ಮನೆಗಳಲ್ಲಿ ಅತಿಥಿಗೂ ಅಷ್ಟು ಮರ್ಯಾದೆಯಿಂದ ನೀರು ಕೊಡುವುದಿಲ್ಲ. ನೋಡಿದೆ, ಮನಸ್ಸಿಗೆ ಇಳಿಯಲಿಲ್ಲ.

ವೃದ್ಧಾಶ್ರಮದಿಂದ ಸಿಲ್ವಿಗೆ ದಿನಾ ಫೋನ್ ಬರುತ್ತಿತ್ತು. ಅಜ್ಜಿ ಮೂರು ದಿನದಿಂದ ನೀರು ಬಿಟ್ಟು ಏನೂ ಮುಟ್ಟಿಲ್ಲ. ಮಗ ಬದುಕಿದ್ದಾನೆ ಅಂತ ನರ್ಸು ಹೇಳಿದರೆ, ಹಾಗೆ ಹೇಳು ಅಂತ ನಿನಗೆ ಹೇಳಿಕೊಟ್ಟಿದ್ದಾರೆ ಅನ್ನುತ್ತಾರೆ. ಪಾದ್ರಿಯನ್ನು ಕರೆಸಿ ಮಗನ ಆತ್ಮಕ್ಕೆ ಪೂಜೆ ಮಾಡಿಸಿದ್ದಾರೆ. ಹೆಸರು ಹಿಡಿದು. ಅಂಕಲ್ ವಿಮಾನ ಹತ್ತುವ ಸ್ಥಿತಿಯಲ್ಲಿಲ್ಲ. ಫೋಟೋ ಕಳಿಸಿದರೆ ಆ ಕಣ್ಣಿಗೆ ಕಾಣದು.

ಕಾಫಿ ಅಂಗಡಿಯಲ್ಲಿ ಶೋಗೆ ಬಂದಿದ್ದ ಹಾಸನದ ದಂಪತಿ ಗುರುತು ಹಿಡಿದರು. "ಓ, ನೀವೇ ಅಲ್ವಾ? ಆ ಫ್ರೆಂಚ್ ಅಂಕಲ್ ಒಂದ್ಸಲ ಮಾಡಿ ಪ್ಲೀಸ್. ನಮ್ಮ ಮಗ ಮನೆ ತುಂಬ ಅದನ್ನೇ ಹೇಳ್ಕೊಂಡು ಓಡಾಡ್ತಾನೆ."

ನನ್ನ ಬಾಯಿಗೆ ಬರಲಿಲ್ಲ. ಭಾವ, "ಗಂಟಲಾ ಕೂತದರೀ ಅವಂದು," ಅಂತ ನನ್ನ ಪರವಾಗಿ ಸುಳ್ಳು ಹೇಳಿದರು. ಕಾರಿಗೆ ಬಂದ ಮೇಲೆ, "ಮೊದಲನೇ ಸಲ ಸುಮ್ಮನಿದ್ದದ್ದು ನೋಡಿದೆ ನಿನ್ನ," ಅಂದರು.

ಅವತ್ತು ಸಂಜೆ ನಾನು ಕ್ಷಮೆ ಕೇಳಲು ಜೀಲ್ ಅಂಕಲ್ ಬಳಿ ಹೋದೆ. ಅವರು ಮೇಜಿನ ಖಾನೆಯಿಂದ ಏನೋ ತೆಗೆದು ಮುಂದಿಟ್ಟುಕೊಂಡು ಕೂತಿದ್ದರು. ಶೇವಿಂಗ್ ಮೆಷಿನ್ನಿನಷ್ಟಿರುವ ಯಂತ್ರ. ಗಾಯ ಹಸಿ ಇರುವವರೆಗೆ ಅದಕ್ಕೊಂದು ಸಣ್ಣ ನಳಿಗೆ ಸಿಕ್ಕಿಸಿ ಬಾಯಿಯ ಮೂಲೆಯಲ್ಲಿ ಇಟ್ಟುಕೊಳ್ಳಬೇಕು. ಗುಂಡಿ ಒತ್ತಿ ತುಟಿ ಆಡಿಸಿದರೆ ಮಾತು ಝೇಂ ಅನ್ನುತ್ತ ಬರುತ್ತದೆ. ಆಸ್ಪತ್ರೆಯಲ್ಲಿ ಒಂದು ಸಲ ಹಿಡಿದು, ಬಾಟಲಿಯಲ್ಲಿ ಸಿಕ್ಕ ನೊಣದ ದನಿ ಇದು, ನನಗೆ ಬೇಡ ಅಂತ ಬರೆದು ಖಾನೆಗೆ ಎಸೆದಿದ್ದರಂತೆ. ನಾನು ತಪ್ಪಾಯಿತು ಅಂದೆ. ಸ್ಲೇಟಿನ ಮೇಲೆ ಬರೆದರು: ಭಾನುವಾರ ಬಾ. ಬಾಯಿ ಮುಚ್ಚಿಕೊಂಡು ಬಾ.

ಮೂರನೇ ಭಾನುವಾರ

ಅಜ್ಜಿಯ ಕಿವಿಗೆ ಫೋನು ಹಿಡಿಯಲು ಒಪ್ಪಿಸಿದ್ದು ಅಲ್ಲಿನ ನರ್ಸು. ಸಿಲ್ವಿ ಒಂದೊಂದು ಮಾತನ್ನೂ ನನ್ನ ಕಿವಿಯಲ್ಲಿ ಇಂಗ್ಲಿಷ್ ಮಾಡಿ ಪಿಸುಗುಡುತ್ತಿದ್ದರು.

ಅಂಕಲ್ ನಳಿಗೆಯನ್ನು ತುಟಿಯ ಮೂಲೆಗಿಟ್ಟು ಗುಂಡಿ ಒತ್ತಿದರು. ಏರಿಳಿತವಿಲ್ಲದ ಒಂದೇ ಗುಂಯ್‌ಗುಡುವಿಕೆ.

"ಮಾಮಾಂ. ಜೀಲ್."

"ಇದು ಯಾವ ಮೆಷಿನ್ನು?" ಅಂದರು ಅಜ್ಜಿ.

"ನನ್ನ ಗಂಟಲು ತೆಗೆದ್ರು. ಕ್ಯಾನ್ಸರು. ಇದು ನಾನೇ."

"ಹೋದ ವಾರವೂ ನೀನೇ ಅಂದ್ರು."

ನಾನು ನೆಲ ನೋಡಿದೆ. ಅಜ್ಜಿ ಕೇಳಿದರು, "ನಿಮ್ಮಪ್ಪನ್ನ ಮಣ್ಣು ಮಾಡಿ ಬಂದು ಸೂಪ್ ಮಾಡಿದೆ. ಹೇಗಿತ್ತು?"

ಸಿಲ್ವಿ ನನ್ನ ಕಡೆ ನೋಡಿ ಗೊತ್ತಿಲ್ಲ ಅಂತ ತಲೆಯಾಡಿಸಿದರು. ಆಗ ಅವರು ಹುಟ್ಟಿಯೇ ಇರಲಿಲ್ಲ.

ಅಂಕಲ್ ತಡವರಿಸಲಿಲ್ಲ. "ಉಪ್ಪು. ನೀನು ಎರಡು ಸಲ ಹಾಕಿದ್ದೆ. ನಾವು ಯಾರೂ ಹೇಳಲಿಲ್ಲ. ಕುಡಿದ್ವಿ."

ನರ್ಸು ಫೋನು ಕೆಳಗಿಟ್ಟಳೇನೋ ಅಂದುಕೊಂಡೆವು.

"ನಾನೂ ಕುಡಿದೆ," ಅಂದರು ಅಜ್ಜಿ.

ಅಂಕಲ್ ಕೈಯಲ್ಲಿದ್ದ ಯಂತ್ರ ಮೇಜಿಗೆ ಬಡಿದು ಸದ್ದಾಯಿತು. ಮತ್ತೆ ಎತ್ತಿಕೊಂಡರು.

"ನೋಯುತ್ತಾ?"

"ಹೂಂ."

"ಏನು ತಿಂತೀಯ?"

"ಮೂಗಿನ ನಳಿಗೆಯಲ್ಲಿ ಹಾಲಿನ ಥರ ಏನೋ ಬಿಡ್ತಾರೆ."

"ಸರಿ. ನಾನೂ ಇವತ್ತು ಏನಾದ್ರೂ ತಿಂತೀನಿ. ನಿನ್ನ ಹೆಸರಲ್ಲಿ ಪೂಜೆ ಆಗಿಹೋಗಿದೆ, ಇನ್ನು ವಾಪಸ್ ತಗೊಳಕ್ಕಾಗಲ್ಲ. ಇಟ್ಕೊ. ಮುಂದೆ ಬೇಕಾಗತ್ತೆ."

ಸಿಲ್ವಿ ಇದನ್ನು ಇಂಗ್ಲಿಷ್ ಮಾಡುವಾಗ ನಡುವೆ ನಿಂತರು. ಅಂಕಲ್ ಭುಜ ಕುಲುಕುತ್ತಿತ್ತು. ನಗುತ್ತಿದ್ದರೋ ಇನ್ನೇನೋ, ಸದ್ದಿಲ್ಲದ ಮನುಷ್ಯನಲ್ಲಿ ಅದನ್ನು ಹೇಳುವುದು ಕಷ್ಟ. ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲೂ ಏನೋ ಕಂಡಿದೆ ಅಂತ ಆ ವಾರವೇ ಡಾಕ್ಟರು ಹೇಳಿದ್ದರು. ಅದನ್ನು ಅಮ್ಮನಿಗೆ ಹೇಳಲಿಲ್ಲ. ಅಮ್ಮ ಕೇಳಲೂ ಇಲ್ಲ.

"ಆ ಇನ್ನೊಬ್ಬ ಅಲ್ಲಿದ್ದಾನಾ?"

ಸಿಲ್ವಿ ಫೋನನ್ನು ನನ್ನ ಕಡೆ ತಳ್ಳಿದರು. ಹುಡುಗಿಯಾಗಿದ್ದಾಗ ಅಜ್ಜಿ ಇಂಗ್ಲಿಷರ ಮನೆಯೊಂದರಲ್ಲಿ ಅಡುಗೆ ಕೆಲಸಕ್ಕಿದ್ದರಂತೆ. ಆ ಹಳೇ ಇಂಗ್ಲಿಷಿನಲ್ಲಿ ನೇರವಾಗಿ ನನ್ನೊಡನೆ ಮಾತಾಡಿದರು. ಹೆಸರು ಕೇಳಿದರು, ಹೇಳಿದೆ. ನನ್ನ ದನಿಯಲ್ಲಿ. ಎರಡು ದಿನ ಕನ್ನಡಿ ಮುಂದೆ ಉರು ಹೊಡೆದಿದ್ದ ಕ್ಷಮಾಪಣೆಯನ್ನು ಒಪ್ಪಿಸಿದೆ. ತಪ್ಪಾಯಿತು, ಮಗನೇ ಬೇಡ ಅಂದರೂ ಕೇಳಲಿಲ್ಲ, ಆ ಮಾತು ನಿಮ್ಮ ಮುಂದೆ ಆಡಬಾರದು ಅಂತ ತಿಳಿದೂ ಆಡಿದೆ.

ಅಜ್ಜಿ ಪೂರ್ತಿ ಕೇಳಿದರು. ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ಅಕ್ಕ ಇದ್ದಿದ್ದರೆ ತೊಡೆ ಚಿವುಟಿ ನಿಲ್ಲಿಸುತ್ತಿದ್ದಳು. ಆದರೆ ಇಷ್ಟೆಲ್ಲ ಆದ ಮೇಲೂ ಒಳಗೊಂದು ಹುಳು ಸಾಯದೆ ಉಳಿದಿತ್ತು, ಅದು ಬಾಯಿ ಬಿಟ್ಟಿತು.

"ಆದ್ರೆ ಅಜ್ಜಿ, ಆ ಪದ ಬಿಟ್ರೆ, ದನಿ ಸರಿಯಾಗಿತ್ತಲ್ವಾ?"

ಸಿಲ್ವಿ ಕಣ್ಣು ಮುಚ್ಚಿಕೊಂಡರು. ಜೀಲ್ ಅಂಕಲ್ ನನ್ನನ್ನೇ ನೋಡುತ್ತಿದ್ದರು.

"ದನಿ ಅವನದ್ದೇ," ಅಂದರು ಅಜ್ಜಿ. "ಈಗ ಅದು ಅವನ ಹತ್ರಾನೇ ಇಲ್ಲ. ನಿನ್ನ ಹತ್ರ ಯಾಕಿರಬೇಕು?"